ಎರಡು ಸೇರು ರೇಷನ್ ಅಕ್ಕಿ

ದಿನ 1: ಗದಗದಿಂದ ಕೊಪ್ಪಳ

ಮಾಮಾ ಪ್ರತಿ ವರ್ಷ ಕೊಪ್ಪಳದ ಗವಿಮಠಕ್ಕೆ ಒಂದು ಚೀಲ ಅಕ್ಕಿ ಕೊಡುತ್ತಾರೆ. 25 ಕೆಜಿ ಸೋನಾ ಮಸೂರಿ, ಜಾತ್ರೆಯ ದಾಸೋಹಕ್ಕೆ. ಅವರು ನನ್ನ ಅವ್ವನ ಅಣ್ಣ, ಗಣಿತ ಮಾಸ್ತರಾಗಿ ರಿಟೈರ್ ಆದವರು. ನೌಕರಿ ಶುರು ಮಾಡಿದ್ದು ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ. ಆಗಿನ್ನೂ ಕೊಪ್ಪಳ ರಾಯಚೂರು ಜಿಲ್ಲೆಯಲ್ಲೇ ಇತ್ತು, ಬೇರೆಯಾದದ್ದು 1997ರಲ್ಲಿ. ಗವಿಸಿದ್ಧೇಶ್ವರನ ಭಕ್ತಿ ಅಂಟಿಕೊಂಡದ್ದು ಆ ಕಾಲದಲ್ಲಿ. ಈ ವರ್ಷ ಅವರಿಗೆ ಮೊಣಕಾಲು ಕೈಕೊಟ್ಟಿತು. ಚೀಲ ಹತ್ತಿಸಿ ಇಳಿಸೋಕೆ ಒಬ್ಬರು ಬೇಕಲ್ಲ, ನಾನು ಜೊತೆಗೆ ಹೊರಟೆ. ಹೇಗೂ ರಜೆ ಇತ್ತು. ಗಂಗಾವತಿಯಲ್ಲಿರುವ ಗೆಳತಿಯನ್ನು ನೋಡಿ, ಹಾಗೇ ಗುರುಗುಂಟಾ ಅಮರೇಶ್ವರಕ್ಕೂ ಹೋಗಿ ಬರೋದು ಅಂತ ನಾಲ್ಕು ದಿನದ ಲೆಕ್ಕ ಹಾಕಿದೆವು.

ಹೊರಡುವ ಹೊತ್ತಿಗೆ ಮಾಮಾನ ಮನೆಕೆಲಸಕ್ಕೆ ಬರುವ ಅಕ್ಕ ಓಡುತ್ತಾ ಬಂದರು. ಸೆರಗಿನ ಮರೆಯಲ್ಲಿ ಒಂದು ಗಂಟು. ಹಳೇ ಕುಪ್ಪಸದ ಬಟ್ಟೆಯಲ್ಲಿ ಕಟ್ಟಿದ ಎರಡು ಸೇರು ಅಕ್ಕಿ.

"ಸರ್ರ, ನಂದೂ ಇಷ್ಟ ಅಜ್ಜಗ ಮುಟ್ಟಿಸ್ರಿ. ರೇಷನ್ ಅಕ್ಕಿ ಐತ್ರಿ. ನಡೀತೈತೇನ್ರಿ?"

ಮಾಮಾ ಒಂದು ಗಳಿಗೆ ಸುಮ್ಮನೆ ನಿಂತರು. ಆಮೇಲೆ "ನಡೀತೈತವಾ" ಅಂದು ಚೀಲದ ಬಾಯಿ ಬಿಚ್ಚಿ ಗಂಟನ್ನು ಒಳಗಿಟ್ಟರು.

ಅವರು ಸುಮ್ಮನೆ ನಿಂತದ್ದಕ್ಕೆ ಕಾರಣ ಇದೆ. "ಪುಕ್ಕಟೆ ಅಕ್ಕಿ ಕೊಟ್ಟು ಮಂದೀನ ಸೋಮಾರಿ ಮಾಡಿಟ್ಟಾರ" ಅನ್ನೋದು ನಮ್ಮ ಮಾಮಾ ದಿನಾ ಬೆಳಿಗ್ಗೆ ಪೇಪರ್ ಹಿಡಿದು ಹೇಳುವ ಮಂತ್ರ. ಕಾಯಕವೇ ಕೈಲಾಸ ಅನ್ನುವ ಧರ್ಮದಲ್ಲಿ ಹುಟ್ಟಿ ಬಿಟ್ಟಿ ಅನ್ನ ತಿನ್ನಬಾರದು ಅಂತ. ಆ ಮಂತ್ರವನ್ನು ಕೇಳುತ್ತಲೇ ಅಕ್ಕ ಎಷ್ಟೋ ವರ್ಷದಿಂದ ಅದೇ ಮನೆಯ ಪಾತ್ರೆ ತಿಕ್ಕುತ್ತಿದ್ದಾರೆ.

ಬಸ್ಸಿನಲ್ಲಿ ನನಗೆ ಶೂನ್ಯ ಟಿಕೆಟ್. ಮಾಮಾಗೆ ದುಡ್ಡು. "ಅಲ್ಲೋ ತಮ್ಮಾ, ದುಡಿಯೋ ಇಕಿಗೆ ಪುಕ್ಕಟೆ, ಪಿಂಚಣಿ ತಿನ್ನೋ ನನಗ ರೊಕ್ಕ. ಏನ್ ನ್ಯಾಯ ಇದು?" ಅಂತ ಕಂಡಕ್ಟರನ್ನು ಕೇಳಿದರು. ಆತ ಟಿಕೆಟ್ ಹರಿದು ಕೈಗಿಟ್ಟು, "ಮುಂದಿನ ಜನ್ಮಕ್ಕ ಹೆಣ್ಣಾಗಿ ಹುಟ್ರಿ ಅಜ್ಜಾರ" ಅಂದು ಮುಂದೆ ಹೋದ. ಲಕ್ಕುಂಡಿ ದಾಟುವವರೆಗೂ ಮಾಮಾ ಮಾತಾಡಲಿಲ್ಲ. ಲಕ್ಕುಂಡಿ ಅಂದರೆ ದಾನಚಿಂತಾಮಣಿ ಅತ್ತಿಮಬ್ಬೆಯ ಊರು. ಜೈನರು ದಾನವನ್ನು ನಾಲ್ಕು ಬಗೆ ಮಾಡಿದ್ದರು: ಆಹಾರ, ಔಷಧ, ಶಾಸ್ತ್ರ, ಅಭಯ. ಈಗಿನ ಮಾತಲ್ಲಿ ಹೇಳಿದರೆ ರೇಷನ್, ಆಸ್ಪತ್ರೆ, ಶಾಲೆ, ಪೊಲೀಸು. ಸರ್ಕಾರ ಅಂದರೆ ಇಷ್ಟೇ ಅಲ್ವಾ ಅಂತ ನನಗೆ ಅನಿಸಿತು. ನಾವು ಹೊರಟಿದ್ದ ಕೊಪ್ಪಳವೂ ಒಂದು ಕಾಲಕ್ಕೆ ಕೊಪಣ ಅನ್ನುವ ದೊಡ್ಡ ಜೈನ ತೀರ್ಥ.

ತೇರು ಎಳೆದು ಮೂರು ದಿನ ಆಗಿತ್ತು. ಆದರೆ ಗವಿಮಠದಲ್ಲಿ ತೇರು ಮುಗಿದರೆ ಜಾತ್ರೆ ಮುಗಿದ ಹಾಗಲ್ಲ. ದಾಸೋಹ ಅಮಾಸೆತನಕ ನಡೆಯುತ್ತದೆ. ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರುಗಳಲ್ಲಿ ಜೋಳದ ರೊಟ್ಟಿ ಬರುತ್ತವೆ. ಮನೆಮನೆಯಲ್ಲಿ ಹೆಂಗಸರು ಬಡಿದು ಕಟಕಲು ಮಾಡಿ ಕಳಿಸಿದ ರೊಟ್ಟಿ. ಒಳಗೆ ಅವನ್ನು ಬಣವೆ ಒಟ್ಟಿದ ಹಾಗೆ ಒಟ್ಟಿರುತ್ತಾರೆ. ಒಂದು ದಿನ ಮಿರ್ಚಿ ಭಜಿ ಮಾಡುತ್ತಾರೆ. ಆ ದಿನದ ಎಣ್ಣೆಯ ಘಾಟು, ಮೆಣಸಿನಕಾಯಿಯ ರಾಶಿ ಈ ಭಾಗದಲ್ಲಿ ದೊಡ್ಡ ಸುದ್ದಿ.

ಅಕ್ಕಿ ತಗೊಳ್ಳುವ ಕಡೆ ಒಬ್ಬ ಹುಡುಗ ನಿಂತಿದ್ದ.

"ಯಾವೂರ್ರೀ?"

"ಗದಗ."

"ಇಲ್ಲೇ ಸುರೀರಿ."

ಮಾಮಾನ ಅಕ್ಕಿ ಸುರಿದಾಯಿತು. ಗಂಟು ಉಳಿಯಿತು. "ಇದು ಬ್ಯಾರೆ ಐತಪಾ, ದಪ್ಪಂದು" ಅಂದರು ಮಾಮಾ, ತಪ್ಪು ಒಪ್ಪಿಕೊಳ್ಳುವವರ ಧ್ವನಿಯಲ್ಲಿ. ಹುಡುಗ ಗಂಟು ಬಿಚ್ಚಿ ಅದೇ ರಾಶಿಗೆ ಕೊಡವಿದ. "ಕುದ್ದ ಮ್ಯಾಲೆ ಎಲ್ಲಾ ಒಂದ ಆಗತೈತ್ರಿ."

ನಾನು ಬಗ್ಗಿ ನೋಡಿದೆ. ಈಚಿನ ವರ್ಷಗಳಲ್ಲಿ ರೇಷನ್ ಅಕ್ಕಿಗೆ ನೂರಕ್ಕೆ ಒಂದರಂತೆ ಬೇರೆ ಥರದ ಕಾಳು ಬೆರೆಸುತ್ತಿದ್ದರು. ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮಾಡಿದ ಕಾಳು. ಬಣ್ಣ ಸ್ವಲ್ಪ ಬೇರೆಯಾಗಿ ಕಾಣುತ್ತದೆ ಅಂತ ನಮ್ಮ ಕಡೆ ಅದಕ್ಕೆ 'ಪ್ಲಾಸ್ಟಿಕ್ ಅಕ್ಕಿ' ಅಂತ ಹೆಸರಿಟ್ಟಿದ್ದಾರೆ. ಅದು ಪ್ಲಾಸ್ಟಿಕ್ ಅಲ್ಲ ಅಂತ ಅಕ್ಕನಿಗೆ ನಾನೇ ನಾಲ್ಕು ಸಲ ಹೇಳಿದ್ದೆ. ಆದರೆ ಗಂಟಿನ ಅಕ್ಕಿಯಲ್ಲಿ ಅಂಥ ಒಂದು ಕಾಳೂ ಕಾಣಲಿಲ್ಲ. ದೇವರಿಗೆ ಹೋಗುವ ಅಕ್ಕಿ ಅಂತ ಮೊರದಲ್ಲಿ ಹಾಕಿಕೊಂಡು, ಕೂತು, ಒಂದೊಂದೇ ಆರಿಸಿ ತೆಗೆದಿದ್ದರು.

ಊಟಕ್ಕೆ ಕೂತೆವು. ರೊಟ್ಟಿ, ಬದನೆಕಾಯಿ ಪಲ್ಯ, ಮಾದಲಿ, ಅದರ ಮೇಲೆ ಹಾಲು, ಆಮೇಲೆ ಅನ್ನ ಸಾರು. ನನ್ನ ಎಡಕ್ಕೆ ಕಾರಲ್ಲಿ ಬಂದ ಕುಟುಂಬ. ಬಲಕ್ಕೆ ಒಬ್ಬ ಮುದುಕ, ಕಾಲಲ್ಲಿ ಚಪ್ಪಲಿ ಇಲ್ಲ, ಹೆಗಲ ಮೇಲೊಂದು ಕಂಬಳಿ. ಆತ ಮೂರು ರೊಟ್ಟಿ ತಿಂದು ಎರಡನ್ನು ಕಂಬಳಿಯ ಮಡಿಕೆಯಲ್ಲಿ ಇಟ್ಟುಕೊಂಡ. ಬಡಿಸುವ ಹುಡುಗ ನೋಡಿದ, ಇನ್ನೊಂದು ಇಟ್ಟು ಮುಂದೆ ಹೋದ. ನೀನು ದುಡಿಯುತ್ತೀಯಾ, ಎಷ್ಟು ಹೊಲ ಇದೆ, ಕಾರ್ಡು ಎಲ್ಲಿ ಅಂತ ಯಾರೂ ಕೇಳಲಿಲ್ಲ. ಮಾಮಾ ಅದನ್ನು ನೋಡಿ ಕೈ ಮುಗಿದರು. "ನೋಡು, ಇದು ದಾಸೋಹ. ಕೊಡಾಂವ ಇಲ್ಲಿ ದಾಸ, ಇಸಗೊಳ್ಳಾಂವ ಅಲ್ಲ."

ನನಗೆ ಅಕ್ಕನ ಹೆಬ್ಬೆಟ್ಟು ನೆನಪಾಯಿತು. ಪಾತ್ರೆ ತಿಕ್ಕಿ ತಿಕ್ಕಿ ಬೆರಳಿನ ಗೆರೆ ಸವೆದುಹೋಗಿವೆ. ಹೋದ ತಿಂಗಳು ರೇಷನ್ ಅಂಗಡಿಯ ಮಷೀನು ಅವರನ್ನು ಮೂರು ಸಲ ವಾಪಸ್ ಕಳಿಸಿತ್ತು. ಅಲ್ಲಿ ಕೊಡುವವನೂ ದಾಸ ಅಲ್ಲ, ಇಸಗೊಳ್ಳುವವರೂ ಅಲ್ಲ. ಮಷೀನೇ ಸ್ವಾಮಿ. ಹಾಗಂತ ಮಾಮಾಗೆ ಹೇಳಿದೆ. "ಊಟದ ಮುಂದ ರಾಜಕೀಯ ಮಾಡಬ್ಯಾಡ" ಅಂದರು.

ಸಂಜೆ ಬೆಟ್ಟದ ಮೇಲಿನ ಅಶೋಕನ ಶಾಸನ ನೋಡಲು ಹೋದೆವು. ಮೊಣಕಾಲು ನೋವಿಗೆ ಮಾಮಾ ಐದೈದು ಮೆಟ್ಟಿಲಿಗೆ ಒಮ್ಮೆ ಕೂತರು. ಮೇಲೆ ಒಂದು ಭಾರಿ ಬಂಡೆ ಛತ್ರಿಯ ಹಾಗೆ ಚಾಚಿದೆ. ಅದರ ನೆರಳಲ್ಲಿ ಬ್ರಾಹ್ಮಿ ಅಕ್ಷರಗಳು, ಕ್ರಿಸ್ತ ಪೂರ್ವ 3ನೇ ಶತಮಾನದವು. ಶಾಸನದ ಒಂದು ಮಾತಿನ ಸಾರ ಹೀಗಿದೆ: ಇದು ದೊಡ್ಡವರಿಗಷ್ಟೇ ದಕ್ಕುವಂಥದ್ದಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಸ್ವರ್ಗ ಪಡೆಯಬಹುದು. 'ಖುದಕ' ಅನ್ನುತ್ತದೆ ಪ್ರಾಕೃತದಲ್ಲಿ, ಸಣ್ಣ ಮನುಷ್ಯ ಅಂತ.

"ಕೇಳಿದೇನು? ಪ್ರಯತ್ನಪಟ್ಟರ ಅಂತ ಐತಿ. ಪುಕ್ಕಟೆ ಅಲ್ಲ!" ಅಂದರು ಮಾಮಾ, ಗೆದ್ದವರಂತೆ.

"ಸಣ್ಣವರೂ ಅಂತಾನೂ ಐತಲ್ರಿ ಮಾಮಾ" ಅಂದೆ.

ಒಂದೇ ಸಾಲು. ಅವರಿಗೆ ಒಂದು ಪದ ಕಂಡಿತು, ನನಗೆ ಇನ್ನೊಂದು. ವಿಧಾನಸಭೆಯಲ್ಲಿ ವಚನ ಹೇಳುವವರನ್ನು ಟಿವಿಯಲ್ಲಿ ನೋಡುವಾಗಲೂ ನನಗೆ ಹೀಗೇ ಅನಿಸುತ್ತದೆ.

ದಿನ 2: ಹುಲಿಗಿ

ಹುಲಿಗಿ ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಬೆಳಿಗ್ಗೆ ಹೊಸಪೇಟೆ ಕಡೆಯ ಬಸ್ ಹತ್ತಿದರೆ ಮುಕ್ಕಾಲು ಬಸ್ಸು ಹುಲಿಗೆಮ್ಮನಿಗೆ ಹೊರಟ ಹೆಂಗಸರು. ನಾವೂ ಇಳಿದುಬಿಟ್ಟೆವು.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಇಲ್ಲಿಗೆ ಬರುವ ಜನ ಜಾಸ್ತಿ ಆಗಿದ್ದಾರೆ ಅಂತ ಹೂವಿನವರು, ಕಾಯಿ ಅಂಗಡಿಯವರು ಎಲ್ಲರೂ ಹೇಳುತ್ತಾರೆ. ನನಗೊಂದು ವಿಷಯ ಮಾತ್ರ ತಮಾಷೆ ಅನಿಸುತ್ತದೆ. ದೇವರು-ಧರ್ಮ ಉಳಿಯಬೇಕು ಅಂತ ಭಾಷಣ ಮಾಡುವ ಎಷ್ಟೋ ಜನರೇ, ಹೆಂಗಸರು ಬಿಟ್ಟಿ ಬಸ್ಸಲ್ಲಿ ಗುಡಿ ಸುತ್ತುತ್ತಾರೆ ಅಂತ ಬೈದರು. ಇನ್ನೊಂದು ಕಡೆ, ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ತಿಂಗಳು ತಿಂಗಳು ಚಾಮುಂಡೇಶ್ವರಿಗೂ ಸಲ್ಲಿಸಬೇಕು ಅನ್ನೋ ಮಾತು ಅದೇ ವರ್ಷ ಸುದ್ದಿಯಾಯಿತು. ದೇವಿಗೂ ಒಂದು ಕಾರ್ಡು ಬೇಕಾಯಿತು ಅಂತ ನಾವು ಆಫೀಸಲ್ಲಿ ನಕ್ಕಿದ್ದೆವು.

ಬಸ್ಸಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜಿಯ ಕೊರಳಲ್ಲಿ ಕೆಂಪು-ಬಿಳಿ ಮಣಿಯ ಸರ ಇತ್ತು. ಮುತ್ತು ಕಟ್ಟಿಸಿಕೊಂಡವರು. ಎಳೇ ವಯಸ್ಸಿನಲ್ಲಿ ಹಿರಿಯರು ಇದೇ ಅಮ್ಮನಿಗೆ ಬಿಟ್ಟಿದ್ದರಂತೆ. ಮನೆಯಲ್ಲಿ ಗಂಡುಮಕ್ಕಳಿರಲಿಲ್ಲ, ಹೊಟ್ಟೆಗೂ ಇರಲಿಲ್ಲ. "ದೇವ್ರ ಮ್ಯಾಲೆ ಹಾಕಿದ್ರು ನೋಡವಾ." ಈಗ ಅವರಿಗೆ ಸರ್ಕಾರದ ಮಾಸಾಶನ ಬರುತ್ತದೆ. ಅವರ ತಂಗಿಗೂ ಮುತ್ತು ಕಟ್ಟಿದ್ದರು. ಆಕೆಗೆ ಬರುವುದಿಲ್ಲ.

ದೇವದಾಸಿ ಬಿಡುವುದನ್ನು ತಡೆಯುವ ಕಾಯ್ದೆ ನಮ್ಮಲ್ಲಿ ಬಂದದ್ದು 1982ರಲ್ಲಿ. ಆಮೇಲೆ 1993-94ರಲ್ಲಿ ಒಮ್ಮೆ, 2007-08ರಲ್ಲಿ ಒಮ್ಮೆ ಸರ್ವೇ ಆಯಿತು. ಮಾಸಾಶನ ಸಿಕ್ಕಿದ್ದು ಆ ಪಟ್ಟಿಯಲ್ಲಿ ಹೆಸರಿದ್ದವರಿಗೆ. ತಂಗಿ ಆ ಹೊತ್ತಿಗೆ ಕೂಲಿಗೆ ಅಂತ ಗುಳೇ ಹೋಗಿದ್ದರು.

"ದೇವಿ ಒಪ್ಪಿಕೊಂಡ್ಳು, ಸರ್ವೇದವ್ರು ಒಪ್ಪಲಿಲ್ಲ" ಅಂದರು ಅಜ್ಜಿ. ಸಿಟ್ಟಿಲ್ಲ, ಏನಿಲ್ಲ. ಬಸ್ ಲೇಟಾಯ್ತು ಅನ್ನುವ ಹಾಗೆ.

ಮಾಮಾ ಹಿಂದಿನ ಸೀಟಿನಿಂದ ಎಲ್ಲ ಕೇಳುತ್ತಿದ್ದರು. ಗುಡಿಯಲ್ಲಿ ಕಾಯಿ ಒಡೆಸಿ ಬಂದ ಮೇಲೆ, ತಾವಾಗಿಯೇ ಹೋಗಿ ಅಜ್ಜಿಗೆ ಚಹಾ ತಂದುಕೊಟ್ಟರು. ಮಾಸಾಶನ ಸೋಮಾರಿ ಮಾಡುತ್ತದೆ ಅಂತ ಅವತ್ತು ಹೇಳಲಿಲ್ಲ. ನಾನೂ ಕೆಣಕಲಿಲ್ಲ. ದೇವರ ಹೆಸರಲ್ಲಿ ಆದ ಬಡತನಕ್ಕೆ ಯಾರು ಲೆಕ್ಕ ಕೊಡಬೇಕು ಅನ್ನೋದು ಚಹಾ ಅಂಗಡಿಯಲ್ಲಿ ಬಗೆಹರಿಯುವ ಮಾತಲ್ಲ.

ಮಧ್ಯಾಹ್ನ ಗಂಗಾವತಿ. ಗೆಳತಿಯ ಮನೆಯಲ್ಲಿ ನಿದ್ದೆ.

ದಿನ 3: ಗಂಗಾವತಿ, ಆಮೇಲೆ ಲಿಂಗಸುಗೂರು

ಗೆಳತಿ ಸರ್ಕಾರಿ ಶಾಲೆಯ ಟೀಚರ್. "ಮಾಮಾ, ನಮ್ಮ ಸಾಲಿಗೆ ಬರ್ರಿ, ಹುಡುಗ್ರಿಗೆ ಮಗ್ಗಿ ಕೇಳ್ರಿ" ಅಂದಳು. ಮಾಮಾಗೆ ಇದಕ್ಕಿಂತ ದೊಡ್ಡ ಆಮಿಷ ಬೇಕಾ? ಹತ್ತು ಗಂಟೆಗೆ ಮುಂಚೆ ರೆಡಿ.

ಹನ್ನೊಂದೂವರೆಗೆ ಅಡುಗೆ ಕೋಣೆಯ ಹಿಂದೆ ಮೊಟ್ಟೆ ಸುಲಿಯುತ್ತಿದ್ದರು. ಇಬ್ಬರು ಹೆಂಗಸರು, ಮಧ್ಯೆ ತಣ್ಣೀರಿನ ಬಕೆಟ್. ಬಿಸಿ ಮೊಟ್ಟೆಯನ್ನು ನೀರಿಗೆ ಬಿಟ್ಟು, ನೆಲಕ್ಕೆ ಒಮ್ಮೆ ತಟ್ಟಿ, ಅಂಗೈಯಲ್ಲಿ ಹೊರಳಿಸಿದರೆ ಸಿಪ್ಪೆ ಪಟ್ಟಿಯ ಹಾಗೆ ಬಿಚ್ಚಿಕೊಂಡು ಬರುತ್ತದೆ. ಬಾರದಿದ್ದರೆ ಬಿಳಿ ಭಾಗವೂ ಕಿತ್ತು ಬರುತ್ತದೆ, ಆಗ ಮಕ್ಕಳು "ನಂಗ ಸಣ್ಣದು ಬಂತು" ಅಂತ ಅಳುತ್ತಾರೆ. ಒಂದು ಮೊಟ್ಟೆಗೆ ಸರ್ಕಾರ ಆಗ ಕೊಡುತ್ತಿದ್ದದ್ದು 6 ರೂಪಾಯಿ. ಅದರಲ್ಲೇ ಬೇಯಿಸುವ ಖರ್ಚು, ಸುಲಿಯುವ ಕೂಲಿ. ಪೇಟೆಯಲ್ಲಿ ಮೊಟ್ಟೆಯ ರೇಟು ಏರಿದ ತಿಂಗಳು ಟೀಚರ್ ಕೈಯಿಂದ ಹಾಕುತ್ತಾರೆ.

ಈ ಮೊಟ್ಟೆಯ ಕಥೆ ನಿಮಗೆ ನೆನಪಿರಬಹುದು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದರು. ಈ ಕಡೆ ಮಕ್ಕಳಲ್ಲಿ ರಕ್ತ ಕಡಿಮೆ, ತೂಕ ಕಡಿಮೆ ಅನ್ನೋದು ಕಾರಣ. ಇಡೀ ರಾಜ್ಯದಲ್ಲೇ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ ಅಂತ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತ್ತು. ಕೆಲವು ಮಠಾಧೀಶರು ವಿರೋಧಿಸಿದರು. ಸಸ್ಯಾಹಾರಿ ಮಕ್ಕಳ ಎದುರು ಮೊಟ್ಟೆ ಬೇಡ, ಎಲ್ಲರಿಗೂ ಬಾಳೆಹಣ್ಣು, ಕಾಳು ಕೊಡಿ ಅಂದರು. ಆಗ ಇದೇ ಗಂಗಾವತಿಯಲ್ಲಿ ಒಬ್ಬ ಶಾಲೆಯ ಹುಡುಗಿ ಮೈಕ್ ಮುಂದೆ ನಿಂತು, ಮೊಟ್ಟೆ ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ಕೂತು ತಿನ್ನುತ್ತೇವೆ ಅಂದಳು. ಆ ವಿಡಿಯೊ ರಾಜ್ಯ ಪೂರ್ತಿ ಓಡಾಡಿತು.

ಮೊನ್ನೆ ಗವಿಮಠದಲ್ಲಿ ಉಂಡಾಗಿನಿಂದ ನನ್ನ ತಲೆಯಲ್ಲಿ ಒಂದು ವಿಷಯ ಕೊರೆಯುತ್ತಿದೆ. ಗವಿಮಠದ ಪಂಕ್ತಿಯಲ್ಲಿ ಯಾರೂ ಕಾರ್ಡು ಕೇಳಲಿಲ್ಲ, ನಿಜ. ಆದರೆ ಆ ಪಂಕ್ತಿಯಲ್ಲಿ ಕೂತು "ನನಗೆ ಮೊಟ್ಟೆ ಬೇಕು" ಅನ್ನೋಕೆ ಆಗುತ್ತಾ? ಪ್ರಸಾದ ಅಂದರೆ ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ತಿನ್ನೋದು. ಆ ಹುಡುಗಿ ಹಾಗೆ ಗದರಿಸಿ ಕೇಳಲು ಆದದ್ದು ಬಿಸಿಯೂಟ ಪ್ರಸಾದ ಅಲ್ಲ ಅನ್ನೋ ಕಾರಣಕ್ಕೆ. ಬೇಯಿಸಿದ ಊಟ ಕೊಡಲೇಬೇಕು ಅಂತ 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2002ರಲ್ಲಿ ಈ ಕಡೆಯ ಜಿಲ್ಲೆಗಳಲ್ಲೇ ಮೊದಲು ಶುರುವಾಯಿತು. ತಮಾಷೆ ಏನಂದರೆ ಸರ್ಕಾರ ಅದಕ್ಕೆ ಇಟ್ಟ ಹೆಸರು ಅಕ್ಷರ ದಾಸೋಹ! ನಮ್ಮ ಯೋಜನೆಗಳ ಹೆಸರು ನೋಡಿ: ದಾಸೋಹ, ಭಾಗ್ಯ, ಲಕ್ಷ್ಮಿ, ಶಕ್ತಿ. ಕೋರ್ಟು, ಕಾಯ್ದೆ 'ಹಕ್ಕು' ಅನ್ನುತ್ತವೆ. ಅದು ಬೋರ್ಡಿನ ಮೇಲೆ ಬರುವಷ್ಟರಲ್ಲಿ 'ಭಾಗ್ಯ' ಆಗಿರುತ್ತದೆ. ಭಾಗ್ಯ ಅಂದಮೇಲೆ ಅದಕ್ಕೆ 'ಬಿಟ್ಟಿ' ಅಂತ ಸೇರಿಸೋದು ಸುಲಭ.

ಗಂಟೆ ಹೊಡೆಯಿತು. ಮಕ್ಕಳು ತಟ್ಟೆ ಹಿಡಿದು ಕೂತರು. ಒಂದು ಕಡೆ ಮೊಟ್ಟೆಯ ಡಬರಿ, ಇನ್ನೊಂದು ಕಡೆ ಬಾಳೆಹಣ್ಣಿನ ಬುಟ್ಟಿ. ಮಾಮಾ ಮುಖ ಗಂಟಿಕ್ಕಿದರು.

"ಒಂದ ಪಂಕ್ತ್ಯಾಗ ಎರಡು ಥರ ಬಡಸಬಾರದವಾ. ಪಂಕ್ತಿಭೇದ ಆಗತೈತಿ. ಅದನ್ನ ಒಡೀಲಿಕ್ಕಂತನ ಶರಣರು ಅಷ್ಟು ಹೊಡದಾಡಿದ್ದು."

ಗೆಳತಿ ಸೌಟು ಹಿಡಿದೇ ತಿರುಗಿದಳು. "ಹಂಗಾದ್ರ ಎಲ್ಲಾರಿಗೂ ಮೊಟ್ಟಿನ ಬಡಸೂನೇನ್ರಿ ಮಾಮಾ?"

ಮಾಮಾಗೆ ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಹಣೆಯ ಮೇಲೆ ಚೆಂದಾಗಿ ವಿಭೂತಿ ಹಚ್ಚಿಕೊಂಡ ಒಬ್ಬ ಹುಡುಗ ಬಾಳೆಹಣ್ಣು ತಗೊಂಡ. ಹೋಗಿ ಕೂತ. ಪಕ್ಕದವನಿಗೆ ಹಣ್ಣು ದಾಟಿಸಿದ. ಪಕ್ಕದವನ ತಟ್ಟೆಯ ಮೊಟ್ಟೆ ಇವನ ಬಾಯಿಗೆ ಹೋಯಿತು. ಎಲ್ಲ ಎರಡು ಸೆಕೆಂಡಲ್ಲಿ. ನಾನು ಗೆಳತಿಯ ಮುಖ ನೋಡಿದೆ.

"ಯಾರು ತಿಂತಾರ, ಯಾರು ಬಿಡತಾರ ಅನ್ನೋದು ಈ ಗ್ವಾಡಿ ದಾಟಂಗಿಲ್ಲ" ಅಂದಳು.

ನಮ್ಮ ಗದಗಿನ ಮಕ್ಕಳಿಗೆ ಆ ಮೊದಲ ವರ್ಷ ಮೊಟ್ಟೆ ಇರಲಿಲ್ಲ. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಮೊಟ್ಟೆ ತಿಂದ ಯಾದಗಿರಿ ಮಕ್ಕಳನ್ನೂ ಮೊಟ್ಟೆ ಇಲ್ಲದ ಗದಗಿನ ಮಕ್ಕಳನ್ನೂ ತೂಕ ಮಾಡಿ ಹೋಲಿಸಿದ್ದರು. ಯಾದಗಿರಿಯವರೇ ಜಾಸ್ತಿ ಮೈ ತುಂಬಿಕೊಂಡಿದ್ದರು. ಆಮೇಲೆ ರಾಜ್ಯಕ್ಕೆಲ್ಲ ಮೊಟ್ಟೆ ಬಂತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನ ಕೊಡುವ ಹಾಗಾಯಿತು. ಇದನ್ನೆಲ್ಲ ಮಾಮಾಗೆ ಹೇಳಬೇಕು ಅಂದುಕೊಂಡೆ. ಆದರೆ ಅವರು ಬೇರೆಯೇ ಏನೋ ನೆನೆಸಿಕೊಳ್ಳುತ್ತಿದ್ದರು.

"ಯಲಬುರ್ಗಾ ಕಡೆ ಇದ್ದಾಗ ಸೋಮವಾರ ಪ್ರಾರ್ಥನಿಗೆ ನಿಂತ ಹುಡುಗ್ರು ಧೊಪ್ ಅಂತ ಬೀಳ್ತಿದ್ರು. ನಾವು ನೀರು ಹೊಡೀತಿದ್ವಿ. ಹಸಿವಿ ಅಂತ ಗೊತ್ತಿತ್ತು. ಆದ್ರೂ ನೀರ ಹೊಡೀತಿದ್ವಿ."

ಮಧ್ಯಾಹ್ನ ಸಿಂಧನೂರು ಬಸ್. ಕಾರಟಗಿ ತನಕ ಎಡದಂಡೆ ಕಾಲುವೆಯ ಗದ್ದೆಗಳು, ರೈಸ್ ಮಿಲ್ಲುಗಳು, ರಸ್ತೆ ಪಕ್ಕ ಒಣಹಾಕಿದ ಭತ್ತ. ಇಷ್ಟು ಅಕ್ಕಿ ಬೆಳೆಯುವ ನಾಡಿನಲ್ಲೇ ಮಕ್ಕಳ ತೂಕ ಕಡಿಮೆ. ಮಸ್ಕಿ ಬಂದಾಗ ಕತ್ತಲಾಗುತ್ತಿತ್ತು. 1915ರಲ್ಲಿ ಇಲ್ಲಿ ಸಿಕ್ಕ ಶಾಸನದಲ್ಲೇ 'ದೇವಾನಾಂಪಿಯ' ಅಂದರೆ ಅಶೋಕ ಅಂತ ಹೆಸರು ಸಮೇತ ಗೊತ್ತಾದದ್ದು. ಇಳಿಯಲು ಹೊತ್ತಿರಲಿಲ್ಲ.

ಬಸ್ಸಿನ ಕತ್ತಲಲ್ಲಿ ಮಾಮಾ ತಾವಾಗಿಯೇ ಶುರು ಮಾಡಿದರು. "ಎಲ್ಲಾ ಸರಿ. ಆದ್ರ ಖಜಾನೆ ಖಾಲಿ ಆಗತೈತಲ್ಲ?"

"ಮಾಮಾ, ಬಸವಣ್ಣ ಏನ್ ನೌಕರಿ ಮಾಡ್ತಿದ್ರು?"

"ಭಂಡಾರಿ. ಬಿಜ್ಜಳನ ಕಡೆ."

"ಕೊಂಡೆಯ ಮಂಚಣ್ಣ ಬಿಜ್ಜಳಗ ಹೋಗಿ ಏನಂತ ಚಾಡಿ ಹೇಳಿದ?"

ಮಾಮಾ ನಕ್ಕುಬಿಟ್ಟರು. ಅವರೇ ನನಗೆ ಚಿಕ್ಕಂದಿನಲ್ಲಿ ಹೇಳಿದ ಕಥೆ. ಬಸವಣ್ಣ ರಾಜನ ಭಂಡಾರವನ್ನೆಲ್ಲ ಜಂಗಮರ ದಾಸೋಹಕ್ಕೆ ಸುರಿಯುತ್ತಿದ್ದಾನೆ, ಬೊಕ್ಕಸ ಬರಿದಾಯಿತು ಅಂತ ಚಾಡಿ. ಬಿಜ್ಜಳ ಬಂದು ಎಣಿಸಿದರೆ ಲೆಕ್ಕ ಸರಿಯಾಗಿಯೇ ಇತ್ತು ಅನ್ನುತ್ತವೆ ಪುರಾಣಗಳು. ಪವಾಡದ ಮಾತು ಬಿಡಿ. ಆ ದೂರು ಇದೆಯಲ್ಲ, ಅದು ಇವತ್ತಿನ ಪೇಪರಿನಲ್ಲೂ ಬಂದಿರುತ್ತದೆ.

"ಅದ ಬ್ಯಾರೆ, ಇದ ಬ್ಯಾರೆ" ಅಂದರು ಮಾಮಾ. ಹೇಗೆ ಬೇರೆ ಅಂತ ಲಿಂಗಸುಗೂರು ಬರುವವರೆಗೂ ಹೇಳಲಿಲ್ಲ. ನಿಜ ಹೇಳಬೇಕಂದರೆ ಬೇರೆಯೇ ಇದೆ: ಸರ್ಕಾರಕ್ಕೆ ಪವಾಡ ಬರುವುದಿಲ್ಲ, ಎಲ್ಲಿಂದಲೋ ತೆರಿಗೆ ಬರಬೇಕು. ಆ ವಾದವನ್ನು ಅವರು ಎತ್ತಿದ್ದರೆ ನನಗೂ ಸ್ವಲ್ಪ ಕಷ್ಟ ಆಗುತ್ತಿತ್ತು.

ದಿನ 4: ಅಮರೇಶ್ವರ, ಮುದಗಲ್ಲು, ಮನೆ

ಗುರುಗುಂಟಾ ಅಮರೇಶ್ವರ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಊರು. ಮಾಮಾ ಇಷ್ಟು ವರ್ಷ ಬರಬೇಕು ಬರಬೇಕು ಅಂದದ್ದು ಇದಕ್ಕೇ. ಕಾಯಕವೇ ಕೈಲಾಸ ಅನ್ನೋದು ಬಸವಣ್ಣನ ಮಾತು ಅಂತ ಎಲ್ಲರೂ ಹೇಳುತ್ತಾರೆ. ಅದು ಸಿಗೋದು ಮಾರಯ್ಯನ ವಚನದಲ್ಲಿ. ಮಾರಯ್ಯನ ಕಾಯಕ ಏನು? ಕಲ್ಯಾಣದಲ್ಲಿ ಅಂಗಳಕ್ಕೆ ಚೆಲ್ಲಿದ ಅಕ್ಕಿ ಆಯುವುದು. ಕಾಯಕ ಅಂದಾಕ್ಷಣ ನಾವು ನೇಗಿಲು, ಮಗ್ಗ ಅಂತೀವಿ. ಆ ಮಾತು ಆಡಿದವನು ಚೆಲ್ಲಿದ ಅಕ್ಕಿ ಆರಿಸಿ ಬದುಕಿದವನು.

ಗುಡಿಯ ಮೆಟ್ಟಿಲ ಮೇಲೆ ಕೂತು ಮಾಮಾ ಕಥೆ ಹೇಳಿದರು, ನನಗೆ ಗೊತ್ತಿದ್ದರೂ. ಬಸವಣ್ಣ ಪರೀಕ್ಷೆ ಮಾಡಲು ಒಂದು ದಿನ ಜಾಸ್ತಿ ಅಕ್ಕಿ ಚೆಲ್ಲಿಸಿದ. ಮಾರಯ್ಯ ತುಂಬಿಕೊಂಡು ಬಂದ. ಲಕ್ಕಮ್ಮ ನೋಡಿ, "ಈಸಕ್ಕಿಯಾಸೆ ನಿಮಗೇಕೆ" ಅಂದಳು. ಹೋಗಿ ಅಲ್ಲೇ ಸುರಿದು ಬಾ ಅಂತ ಕಳಿಸಿದಳು.

"ಇದನ್ನ ನಾ ಹೇಳೂದು. ಹೆಚ್ಚಿಗಿ ಬ್ಯಾಡ ಅಂದ್ಳು. ಈಗಿನವ್ರು 10 ಕೆಜಿ ಕೊಡ್ರಿ ಅಂತಾರ."

"ಮಾಮಾ, ಲಕ್ಕಮ್ಮ ಹೇಳಿದ್ದು ತನ್ನ ಗಂಡಗ. ಪಕ್ಕದ ಮನೀಗೆ ಹೋಗಿ ನಿಮ್ಮ ಚೀಲದಾಗ ಎಷ್ಟೈತಿ ಅಂತ ತೂಗಲಿಲ್ಲ."

ಅವರು ಮಾತಾಡಲಿಲ್ಲ. ಸಿಟ್ಟು ಬಂತೇನೋ ಅಂದುಕೊಂಡೆ. ನೋಡಿದರೆ ಒಂದು ಕಡ್ಡಿ ಹಿಡಿದು ಮಣ್ಣಲ್ಲಿ ಲೆಕ್ಕ ಮಾಡುತ್ತಿದ್ದಾರೆ. 2013ರ ಜುಲೈಯಲ್ಲಿ ಅನ್ನಭಾಗ್ಯ ಶುರುವಾದಾಗ ಕೆಜಿಗೆ 1 ರೂಪಾಯಿ ಇತ್ತು. 2015ರಲ್ಲಿ ಪುಕ್ಕಟೆ ಆಯಿತು. 2023ರಲ್ಲಿ ತಲೆಗೆ ತಿಂಗಳಿಗೆ ಹತ್ತು ಕೆಜಿ ಅಂದರು. ಹೆಚ್ಚಿನ ಅಕ್ಕಿ ಕೇಂದ್ರದಿಂದ ಸಿಗಲಿಲ್ಲ ಅಂತ 5 ಕೆಜಿ ಬದಲು ತಲೆಗೆ 170 ರೂಪಾಯಿ ಹಾಕಿದರು. 2025ರಲ್ಲಿ ಮತ್ತೆ ಅಕ್ಕಿಗೇ ಬಂದರು. ಇದೆಲ್ಲ ಮಾಮಾಗೆ ಪೇಪರ್ ಓದಿ ಬಾಯಿಪಾಠ. ಅವರು ಭಾಗಾಕಾರ ಮಾತ್ರ ಯಾವತ್ತೂ ಮಾಡಿರಲಿಲ್ಲ.

ಐದು ಸಾವಿರ ಗ್ರಾಂ, 30 ದಿನ. ದಿನಕ್ಕೆ 166 ಚಿಲ್ಲರೆ. ಎರಡು ಹೊತ್ತಿಗೆ ಹಂಚಿದರೆ 83.

"83 ಗ್ರಾಂ ಅಂದ್ರ ಎಷ್ಟಾಗತೈತಿ?"

"ಒಂದೆರಡು ಹಿಡಿ."

ಹತ್ತು ಕೆಜಿಗೆ ಇನ್ನೊಮ್ಮೆ ಮಾಡಿದರು. 333. ಕಡ್ಡಿ ಅಲ್ಲೇ ನಿಂತಿತು. ಆಮೇಲೆ ಚಪ್ಪಲಿಯಿಂದ ಎಲ್ಲ ಒರೆಸಿಬಿಟ್ಟರು. ಮಾಸ್ತರು ಬೋರ್ಡು ಒರೆಸಿದ ಹಾಗೆ.

ಮುದಗಲ್ಲಿನಲ್ಲಿ ಬಸ್ಸಿಗೆ ಒಂದು ತಾಸು ಕಾಯಬೇಕಿತ್ತು. ಕೋಟೆ ಹತ್ತಿರದ ಒಂದು ಟೇಲರ್ ಅಂಗಡಿಯ ಕಟ್ಟೆಯ ಮೇಲೆ ಕೂತೆವು. ಮುದಗಲ್ಲಿನ ಮೊಹರಂ ಈ ಕಡೆಗೆಲ್ಲ ಹೆಸರುವಾಸಿ. ಹುಸೇನಿ ಆಲಂಗೆ ಹರಕೆ ಹೊರುವವರಲ್ಲಿ ಹಿಂದೂಗಳು ಬಹಳ. ಟೇಲರ್ ಚಾಚಾ ಮಾಮಾನ ವಯಸ್ಸಿನವರೇ. ಇಬ್ಬರಿಗೂ ಮೊಣಕಾಲು ನೋವು, ಹಾಗಾಗಿ ಮಾತು ಬೇಗ ಬೆಳೆಯಿತು. ಮುಸ್ಲಿಮರು ವರ್ಷಕ್ಕೊಮ್ಮೆ ಬಡವರಿಗೆ ಕೊಡುವ ಝಕಾತ್ ಬಗ್ಗೆ ಕೇಳಿದೆ.

"ವರ್ಷಾ ಉಳಿಕಿ ಮ್ಯಾಲೆ ನೂರಕ್ಕೆ ಎರಡೂವರಿ. ನಿಸಾಬ್ ಅಂತ ಒಂದು ಗೆರಿ ಐತ್ರಿ. ಏಳೂವರಿ ತೊಲಿ ಬಂಗಾರ, ಇಲ್ಲಾ ಐವತ್ತೆರಡೂವರಿ ತೊಲಿ ಬೆಳ್ಳಿ. ಅದರ ಮ್ಯಾಲಿದ್ದೋರು ಕೊಡಬೇಕು. ದಾನ ಅಲ್ರಿ ಅದು. ಬಡವ್ರ ಹಕ್ಕು. ನಮ್ಮ ಕಪಾಟಿನ್ಯಾಗ ಇರತೈತಿ, ಅಷ್ಟ."

ಲಕ್ಷಕ್ಕೆ ಎರಡೂವರೆ ಸಾವಿರ ಅಂತ ಮಾಮಾ ಆಗಲೇ ಲೆಕ್ಕ ಹಾಕಿದ್ದರು. "ಅಲ್ರಿ ಸಾಹೇಬ್ರ, ಸೋಮಾರಿ ಇದ್ದರೂ ಕೊಡಬೇಕೇನ್ರಿ?"

ಚಾಚಾ ದಾರ ಕಡಿದು ನಕ್ಕರು. "ನಮ್ಮೊಳಗೂ ಅದ ಜಗಳ ಐತ್ರಿ. ಗಟ್ಟಿಮುಟ್ಟಿದ್ದು ದುಡಿಯಾಕ ಬರೋರಿಗೆ ಇಲ್ಲ ಅಂತ ಕೆಲವ್ರು. ಕೆಲಸ ಸಿಗಲಿಲ್ಲಂದ್ರ ಗಟ್ಟಿ ಇದ್ದು ಏನ್ ಮಾಡ್ತಾನ ಅಂತ ಕೆಲವ್ರು. ನಾ ಜಾಸ್ತಿ ಕೇಳಾಕ ಹೋಗಂಗಿಲ್ಲ. ನನ್ನ ಲೆಕ್ಕ ಮ್ಯಾಲೆ ಕೇಳ್ತಾರ, ಅವನ ಲೆಕ್ಕ ನನಗ್ಯಾಕ?"

ಬಸ್ ಬಂತು. ಕುಷ್ಟಗಿಯಲ್ಲಿ ಬದಲಿಸಿ, ಗಜೇಂದ್ರಗಡದ ಮೇಲೆ ಗದಗ ಮುಟ್ಟುವ ಹೊತ್ತಿಗೆ ರಾತ್ರಿ ಎಂಟು. ದಾರಿಯಲ್ಲಿ ಮಾಮಾ ಖಾಲಿ ಚೀಲವನ್ನು ಮಡಚಿ ತಲೆದಿಂಬು ಮಾಡಿಕೊಂಡು ನಿದ್ದೆ ಹೋಗಿದ್ದರು. ಮಂತ್ರ ಬದಲಾಗಿದೆ ಅಂತ ನಾನೇನೂ ಅಂದುಕೊಂಡಿಲ್ಲ. ನಾಳೆ ಬೆಳಿಗ್ಗೆ ಪೇಪರ್ ಬಂದೇ ಬರುತ್ತದೆ.

ಮನೆ ಬಾಗಿಲಲ್ಲಿ ಅಕ್ಕ ಕಾಯುತ್ತಿದ್ದರು.

"ನನ್ನ ಅಕ್ಕಿ ತುಗೊಂಡ್ರೇನ್ರಿ ಸರ್ರ?"

"ತುಗೊಂಡ್ರವಾ. ನಂದೂ ನಿಂದೂ ಒಂದ ರಾಶಿಗೆ ಸುರದ್ವಿ."

"ಅಯ್ಯ ಯವ್ವಾ! ನಿಮ್ಮ ಛಲೋ ಅಕ್ಕ್ಯಾಗ ನಂದ್ಯಾಕ ಕೂಡಿಸಿದ್ರಿ?" ಅಂತ ಕೈ ಬಾಯಿಗಿಟ್ಟುಕೊಂಡರು. ಮಾಮಾ ಡಬ್ಬಿ ತೆಗೆದು ಗವಿಮಠದ ಮಾದಲಿ ಕೊಟ್ಟರು. ಅಕ್ಕ ಕಣ್ಣಿಗೊತ್ತಿಕೊಂಡು, ಚಿಟಿಕೆಯಷ್ಟು ಬಾಯಿಗೆ ಹಾಕಿ, ಉಳಿದದ್ದನ್ನು ಮೊಮ್ಮಗನಿಗೆ ಅಂತ ಸೆರಗಿನ ತುದಿಗೆ ಕಟ್ಟಿಕೊಂಡರು. ಹೋಗುವಾಗ ಹೊಸ್ತಿಲಲ್ಲಿ ತಿರುಗಿ, "ನಾಳೆ ತಡಾ ಆಗತೈತ್ರಿ. ರೇಷನ್ನಿಗೆ ಹೆಬ್ಬಟ್ ಹಚ್ಚಾಕ ಹೋಗಬೇಕು. ಈ ಸಲ ಬರತೈತೋ ಇಲ್ಲೋ" ಅಂದರು.

"ನಿಂಬಿಹಣ್ಣು ತಿಕ್ಕೊಂಡು ಹೋಗವಾ. ಬಟ್ಟು ಮೆತ್ತಗಾದ್ರ ಗೆರಿ ಕಾಣಸ್ತಾವ" ಅಂದ ಮಾಮಾ, ಕುಂಟುತ್ತಾ ಅಡುಗೆ ಮನೆಗೆ ನಿಂಬೆಹಣ್ಣು ಹುಡುಕಲು ಹೋದರು.